ತಿಂಗಳ ಕೊನೆಯ ತಾರ್ಲೆ

ಅಂಕೋಲೆಯ ಮೀನುಪೇಟೆಯಲ್ಲಿ ಕೂತು ಮೀನು ಮಾರುವ ಸೋಮಿಗೆ ತಾರೀಕು ತಿಳಿಯಲು ಕ್ಯಾಲೆಂಡರ್ ಬೇಕಿರಲಿಲ್ಲ. ನೀತಾಬಾಯಿಯ ಚೀಲವೊಂದು ಸಾಕಿತ್ತು. ಚೀಲಕ್ಕೆ ದೊಡ್ಡ ಬೆಲೆಯ ಇಸ್ವಾಣದ ನಾಲ್ಕು ತುಂಡು ಬಿದ್ದರೆ ಅದು ತಿಂಗಳ ಮೊದಲ ವಾರ. ಬಂಗಡೆಗೆ ಇಳಿದರೆ ಹತ್ತು ದಾಟಿತು. ತಾರ್ಲೆಯ ಗುಪ್ಪೆಯ ಮುಂದೆ ನಿಂತರೆ ಇಪ್ಪತ್ತೆರಡೋ ಇಪ್ಪತ್ಮೂರೋ ಆಗಿರಬೇಕು. ಇನ್ನು ಸಂಬಳ ಬರುವವರೆಗೆ ಮುಳ್ಳಿನ ಆ ಸಣ್ಣ ಮೀನೇ ಗತಿ. ಮೀನು ಬಿಡುವ ಮನೆಯಲ್ಲ ಅದು, ಮೀನಿನ ದರ್ಜೆ ಇಳಿಸಿಕೊಳ್ಳುವ ಮನೆ.

ನೀತಾಬಾಯಿಯವರು ಚೆಂಡಿಯಾದ ಕಡೆಯವರು. ಗದ್ದೆ, ತೆಂಗು ಎಲ್ಲ ನೌಕಾನೆಲೆಗೆ ಹೋದಮೇಲೆ ಅಂಕೋಲೆಯ ಬದಿಯ ನಿರಾಶ್ರಿತರ ಕಾಲನಿಗೆ ಬಂದು ನಿಂತವರು. ಗಂಡ ಮಂಗೇಶ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. "ಅಲ್ಲಿದ್ದಾಗ ನಾವು ಮೀನಿನ ಬೆಲೆಯೇ ಕೇಳ್ತಿರಲಿಲ್ಲ ಸೋಮಿ" ಎಂದು ಆಕೆ ಒಮ್ಮೆ ಬಾಯಿ ತಪ್ಪಿ ಹೇಳಿದ್ದುಂಟು. ಪೇಟೆಗೆ ಬಂದ ಮೊದಲ ದಿನವೇ ಆಕೆ ಸೋಮಿಗೆ ಬೋಣಿ ಮಾಡಿದ್ದಳು, ಅವತ್ತು ಹನ್ನೊಂದು ಗಂಟೆಗೆಲ್ಲ ಬುಟ್ಟಿ ಖಾಲಿ. ಅಲ್ಲಿಂದ ಸೋಮಿಯ ಪಾಲಿಗೆ ಆಕೆ ಗಿರಾಕಿಯಲ್ಲ, 'ನಮ್ಮ ಬಾಯಿ'. ಎಂಟು ವರ್ಷ ಆಕೆಯ ನೋಟನ್ನು ಕಣ್ಣಿಗೊತ್ತಿಕೊಂಡೇ ಸೊಂಟದ ಚೀಲಕ್ಕೆ ಹಾಕಿದ್ದಳು.

ಆಕೆಯ ಮನೆಯ ಗುಟ್ಟೆಲ್ಲ ತನಗೆ ಗೊತ್ತು ಎಂಬ ಹೆಮ್ಮೆ ಬೇರೆ. ಆಕೆ ಪೇಟೆಯ ಬಾಗಿಲಲ್ಲಿ ಕಂಡರೆ ಸಾಕು, "ಬಂದ್ರಿ ಬಾಯಿ? ಇಪ್ಪತ್ಮೂರಾಯ್ತು, ಇವತ್ತಿಂದ ತಾರ್ಲೆ ಅಲ್ದಾ? ತೆಗೆದಿಟ್ಟಿದ್ದೆ!" ಎಂದು ಕೂಗುವಳು. ಕೇಣಿಯ ದಂಡೆಯಲ್ಲಿ ನಿಂತು ದೋಣಿ ಕರೆದು ಬೆಳೆದ ಗಂಟಲು ಅದು. ಪೇಟೆಯ ಆ ತುದಿಯ ಬೆಕ್ಕೂ ತಿರುಗಿ ನೋಡುತ್ತಿತ್ತು.

೨೦೦೬ರ ಜನವರಿ ಇಪ್ಪತ್ನಾಲ್ಕಕ್ಕೆ ನೀತಾಬಾಯಿ ಬಂದಳು. ಸೋಮಿಯನ್ನು ದಾಟಿದಳು. ನೇರ ಹೋಗಿ ಎದುರು ಸಾಲಿನ ಗೋದಾವರಿಯ ಮುಂದೆ ನಿಂತಳು. ಒಂದು ಗುಪ್ಪೆ ತಾರ್ಲೆ ಚೀಲಕ್ಕೆ ಬಿತ್ತು. ಗೋದಾವರಿಗಿನ್ನೂ ಬೋಣಿ ಆಗಿರಲಿಲ್ಲ. ಆ ಹತ್ತರ ನೋಟನ್ನು ಅವಳು ಕಣ್ಣಿಗೊತ್ತಿಕೊಂಡಳು.

ಸೋಮಿಯ ಮೈಯೆಲ್ಲ ಉರಿದುಹೋಯಿತು. ಯಾರು ಈ ಗೋದಾವರಿ? ಕೇಣಿಯಲ್ಲಿ ತನ್ನ ಮನೆಯಿಂದ ಎರಡು ಮನೆ ಆಚೆಯವಳು. ಪೇಟೆಗೆ ಬಂದು ಮೂರು ವರ್ಷವಾಗಿಲ್ಲ. ಬಾಯಿಯಲ್ಲಿ ನಾಲಿಗೆ ಇದೆಯೋ ಇಲ್ಲವೋ ಎನ್ನುವಂಥ ಮುಸುಡಿ. ಅಂಥವಳ ಮುಂದೆ ತನ್ನ ನೀತಾಬಾಯಿ ಹೋಗಿ ನಿಲ್ಲುವುದೆಂದರೇನು? ಗಂಡ ಬೇರೆ ಹೆಂಗಸಿನ ಮನೆಗೆ ಹೋದನೆಂದು ಕೇಳಿದ್ದರೂ ಸೋಮಿಗೆ ಇಷ್ಟು ಸಂಕಟವಾಗುತ್ತಿತ್ತೋ ಇಲ್ಲವೋ.

ಎಂಟಾಣೆ ಉಳಿಯುತ್ತದೆಂದರೆ ಪೇಟೆಯ ಈ ತುದಿಯಿಂದ ಆ ತುದಿಗೆ ನಡೆಯುವವರೇ ಮೀನು ಕೊಳ್ಳುವವರು. ಇಷ್ಟು ವರ್ಷ ಸೋಮಿ ಕಲಿತದ್ದು ಅದನ್ನೇ. ಮರುದಿನ ಇಪ್ಪತ್ತು ತಾರ್ಲೆಯ ಗುಪ್ಪೆಗೆ ಮೂವತ್ತು ಹಾಕಿದಳು, ಹತ್ತರ ಬದಲು ಎಂಟು ರೂಪಾಯಿ ಎಂದು ಕೂಗಿದಳು. ಅರ್ಧ ಗಂಟೆಯಲ್ಲಿ ಊರೆಲ್ಲ ಮುತ್ತಿಕೊಂಡಿತು. ನೀತಾಬಾಯಿ ಮಾತ್ರ ತಲೆ ತಗ್ಗಿಸಿಕೊಂಡು ಗೋದಾವರಿಯ ಬಳಿ ಹೋಗಿ, ಹತ್ತು ಕೊಟ್ಟು ಇಪ್ಪತ್ತು ಮೀನು ತಂದಳು. ತಿಂಗಳ ಕೊನೆಗೆ, ಅದೂ ಆ ಮನೆಯ ಹೆಂಗಸು! ಸೋಮಿಗೆ ತಲೆಬುಡ ತಿಳಿಯಲಿಲ್ಲ. ಎದ್ದುಹೋಗಿ ಗೋದಾವರಿಯ ತಾರ್ಲೆಯ ಕಿವಿರು ಎತ್ತಿ ನೋಡಿದಳು, ಮೂಸಿಯೂ ನೋಡಿದಳು. ಇಬ್ಬರದೂ ತುಳಸಿದಾಸನ ದೋಣಿಯ ಮೀನೇ, ಒಂದೇ ಬಲೆಯದು.

ಫೆಬ್ರವರಿ ಎರಡಕ್ಕೆ ನೀತಾಬಾಯಿ ಏನೂ ಆಗದವಳಂತೆ ಸೋಮಿಯ ಮುಂದೆ ಬಂದು ನಕ್ಕು ಇಸ್ವಾಣ ಕೇಳಿದಳು. ಸೋಮಿ ಮುಖ ಊದಿಸಿಕೊಂಡು ನಾಲ್ಕು ತುಂಡು ಕೊಯ್ದುಕೊಟ್ಟಳು. ಹತ್ತು ದಾಟಿದ ಮೇಲೆ ಬಂಗಡೆಗೂ ಆಕೆ ಇಲ್ಲಿಗೇ ಬಂದಳು. ಇಪ್ಪತ್ತೆರಡರ ಬೆಳಿಗ್ಗೆ ಮತ್ತೆ ಗೋದಾವರಿ.

ಅವತ್ತು ಆಕೆ ಪೇಟೆಯ ಬಾಗಿಲು ದಾಟುವುದನ್ನೇ ಕಾದಿದ್ದು ಸೋಮಿ ಸೀರೆಯ ಸೆರಗು ಸಿಕ್ಕಿಸಿ ಎದುರು ಸಾಲಿಗೆ ನುಗ್ಗಿದಳು.

"ಎಂತಾ ಮದ್ದು ಹಾಕಿದ್ಯೇ ನಮ್ಮ ಬಾಯಿಗೆ? ಹೇಳು! ನನ್ನ ಎಂಟು ರೂಪಾಯಿ ಗುಪ್ಪೆ ಬಿಟ್ಟು ನಿನ್ನ ಹತ್ತು ರೂಪಾಯಿದು ತಗೊಂಡು ಹೋಗ್ತಾರಲ್ಲ, ಎಂತಾ ಮಾಡ್ತೆ ನೀನು?"

ಗೋದಾವರಿ ತಾರ್ಲೆಗೆ ನೀರು ಚಿಮುಕಿಸುತ್ತಿದ್ದವಳು ಕೈ ನಿಲ್ಲಿಸಿದಳು. "ನಾ ಎಂತದೂ ಮಾಡುದಿಲ್ಲ ಸೋಮಕ್ಕ. ಮಾತೇ ಆಡುದಿಲ್ಲ. ಅವರು ಬೆರಳು ತೋರಿಸ್ತಾರೆ, ನಾ ಹಾಕ್ತೆ."

"ಅಷ್ಟೇಯಾ?"

"ಅಷ್ಟೇ." ಮತ್ತೆ ನೀರು ಚಿಮುಕಿಸುತ್ತ ಅಂದಳು, "ಡಿಸೆಂಬರಲ್ಲಿ ನೀ ಕೂಗಿದ್ದು ನೆನಪುಂಟಾ? ತಿಂಗಳ ಕೊನೆ ಬಂತು, ತಾರ್ಲೆ ತೆಗೆದಿಟ್ಟಿದ್ದೆ ಅಂತ. ಪಕ್ಕದಲ್ಲೇ ಲತಾಬಾಯಿ ಪಾಂಪ್ಲೆಟ್ ಮೀನು ಆರಿಸ್ತಾ ಇದ್ರು. ಚೆಂಡಿಯಾದಲ್ಲಿ ನೀತಾಬಾಯಿ ಆಚೆಮನೆಯವರು. ನಿನ್ನ ಕೂಗು ಕೇಳಿ ಅವರು ತಿರುಗಿ ಚೀಲ ನೋಡಿದ್ರು. ನೀತಾಬಾಯಿ ಮುಖ ನೀ ನೋಡಲಿಲ್ಲ, ನಾ ನೋಡ್ದೆ."

ಸೋಮಿ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡಳು. ಆ ಎರಡು ರೂಪಾಯಿ ಹೆಚ್ಚಿಗೆ ಯಾತಕ್ಕೆ ಹೋಗುತ್ತಿತ್ತೆಂದು ಈಗ ತಿಳಿಯಿತು. ತನ್ನ ಕೂಗಿನಿಂದ ತಪ್ಪಿಸಿಕೊಳ್ಳಲು ನೀತಾಬಾಯಿ, ಇಲ್ಲದ ದುಡ್ಡಿನಲ್ಲಿ, ಅದನ್ನು ಕೊಡುತ್ತಿದ್ದಳು. ನಾಚಿಕೆಯಾಯಿತು ಸೋಮಿಗೆ. ಹೊಟ್ಟೆಯುರಿ ಮಾತ್ರ ಇಳಿಯಲಿಲ್ಲ. ತಿಳಿದಮೇಲೆ ಇನ್ನೂ ಜಾಸ್ತಿಯಾಯಿತು: ಎಂಟು ವರ್ಷ ಎದುರು ಕೂತ ತನಗೆ ಕಾಣದ ಮುಖ ಇವಳಿಗೆ ಹೇಗೆ ಕಂಡಿತು?

ಎರಡು ದಿನ ಬಿಟ್ಟು, ಪೇಟೆ ಇನ್ನೂ ತುಂಬುವ ಮೊದಲು, ಸೋಮಿ ತನ್ನ ತಾರ್ಲೆಯ ತಟ್ಟೆ ಎತ್ತಿ ತಂದು ಗೋದಾವರಿಯ ಬುಟ್ಟಿಗೆ ಸುರಿದಳು. ಎಣಿಸಿದ ಮೀನು, ಇಪ್ಪತ್ತು.

"ಬಾಯಿ ಬಂದ್ರೆ ಇದನ್ನ ಕೊಸರು ಅಂತ ಹಾಕು. ಸಂಬಳದವರೆಗೂ ದಿನಾ ತಂದು ಹಾಕ್ತೆ. ನನ್ನ ಹೆಸರೆತ್ತಿದ್ರೆ ನಿನ್ನ ನಾಲಿಗೆ ಕೊಯ್ತೆ."

"ಅಲ್ಲ ಸೋಮಕ್ಕ, ನೀನೇ ಕರೆದು ಕೊಟ್ರೆ..."

"ನಾ ಕರೆದ್ರೆ ಊರಿಗೇ ಕೇಳ್ತದೆ" ಎಂದು ಸೋಮಿ ತನ್ನ ಜಾಗಕ್ಕೆ ಹೋಗಿ ಕೂತಳು.

ನೀತಾಬಾಯಿ ಬಂದಾಗ ಅವಳು ತಲೆ ಎತ್ತಲಿಲ್ಲ. ಕೊಳ್ಳುವವರೇ ಇಲ್ಲದ ಒಂದು ಬಂಗಡೆಯನ್ನು ಮೆಟ್ಟುಗತ್ತಿಗೆ ಹಿಡಿದು ಸುಮ್ಮನೆ ಹೆರೆಯುತ್ತಿದ್ದಳು. ಸವೆದ ಚಪ್ಪಲಿ ತನ್ನ ಮುಂದೆ ಹಾದುಹೋದದ್ದು ಕಂಡಿತು. ಎದುರು ಸಾಲಿನಲ್ಲಿ ಚೀಲದೊಳಗೆ ಮೀನು ಬೀಳುವ ಸದ್ದು ಕೇಳಿತು, ಒಮ್ಮೆ, ಆಮೇಲೆ ಇನ್ನೊಮ್ಮೆ. "ಅಯ್ಯೋ, ಇಷ್ಟೆಲ್ಲ ಯಾಕೆ ಗೋದಾವರಿ?" ಎಂದು ನೀತಾಬಾಯಿ ನಕ್ಕಳು. ಹಾಗೆ ನಕ್ಕದ್ದನ್ನು ಸೋಮಿ ಈ ಎಂಟು ವರ್ಷದಲ್ಲಿ ಕೇಳಿರಲಿಲ್ಲ. ಬಂಗಡೆಯ ಹೊಟ್ಟೆ ಹರಿದುಹೋಯಿತು.

ಹೇಳಿದ ಹಾಗೆ ಸಂಬಳದವರೆಗೂ ಅವಳ ತಟ್ಟೆ ಎದುರು ಸಾಲಿಗೆ ಹೋಗಿ ಬರುತ್ತಿತ್ತು.

ಮಾರ್ಚ್ ಎರಡಕ್ಕೆ ನೀತಾಬಾಯಿ ಸೋಮಿಯ ಮುಂದೆ ಬಂದು ಕೂತಳು. "ನಾಲ್ಕು ತುಂಡು ಇಸ್ವಾಣ." ಸೋಮಿ ತಾರೀಕು ಹೇಳಲಿಲ್ಲ, ಬಂದ್ರಿಯಾ ಎಂದೂ ಕೇಳಲಿಲ್ಲ. ಬೆರಳು ತೋರಿಸಿದ ಮೀನನ್ನು ತೆಗೆದು ಕೊಯ್ಯತೊಡಗಿದಳು. ನೀತಾಬಾಯಿಯೇ ಹತ್ತಿರ ಬಾಗಿ, ಸಲಿಗೆಯಿಂದ, ಎದುರು ಸಾಲಿನ ಕಡೆ ಗಲ್ಲ ಚಾಚಿ ಹೇಳಿದಳು:

"ಸೋಮಿ, ಬೇಜಾರು ಮಾಡ್ಕೊಬೇಡ. ಎಂಟು ವರ್ಷದಿಂದ ನಿನ್ನ ಹತ್ತಿರ ಇಸ್ವಾಣ ತಗೊಂಡೆ, ಒಂದು ಚೂರು ಕೊಸರು ಹಾಕಿದವಳಲ್ಲ ನೀನು. ಕೈ ಅಂದ್ರೆ ಗೋದಾವರಿದು, ನೋಡು. ಎಷ್ಟು ಧಾರಾಳ!"

ಸೋಮಿಯ ಬಾಯಿ ತೆರೆಯಿತು. ಕೇಣಿಯ ದಂಡೆಯ ಆ ಗಂಟಲು ಒಮ್ಮೆ ಬಿಟ್ಟಿದ್ದರೆ ಸಾಕಿತ್ತು, ಇಡೀ ಪೇಟೆ ತಿರುಗಿ ನೋಡುತ್ತಿತ್ತು.

"ಹೌದು ಬಾಯಿ, ಅವಳ ಕೈ ಧಾರಾಳ" ಎಂದು ಮೆಲ್ಲಗೆ ಹೇಳಿ, ನಾಲ್ಕನೆಯ ತುಂಡನ್ನು ಚೀಲಕ್ಕೆ ಹಾಕಿದಳು.