ಸೊಂಟದ ಅಳತೆ

ಟೈಲರ್ ಅಕ್ಕನ ಕಣ್ಣಳತೆ ಒಂದು ಎಳೆಯೂ ಹೆಚ್ಚುಕಮ್ಮಿಯಾಗದು ಎಂದು ಬೀದಿಯೆಲ್ಲ ಹೊಗಳುತ್ತಿತ್ತು. ಹೊಗಳುವುದಕ್ಕೇನು, ಬಾಯಿ ಸವೆಯುತ್ತದೆಯೇ! ಅದೇ ಅಕ್ಕ ತನ್ನ ತಂಗಿಯ ಸ್ಕರ್ಟಿನ ಹೊಲಿಗೆಯನ್ನು ಮತ್ತೆ ಮತ್ತೆ ಬಿಚ್ಚಿ ಸೊಂಟ ಅಗಲ ಮಾಡಿಕೊಟ್ಟಿದ್ದಳು. ಸ್ಕರ್ಟಿನ ಸೊಂಟ ಬಿಗಿಯಾಗುತ್ತಿತ್ತು, ಅಂಗಿಯ ತೋಳು ಸಡಿಲವಾಗುತ್ತಿತ್ತು. ಉಂಡು ದಪ್ಪಗಾದವಳ ತೋಳು ಸೊರಗುತ್ತದೆಯೇ? ಅಷ್ಟು ಗೊತ್ತಿದ್ದೂ ಅವಳ ತಲೆಗೆ ಹೊಳೆದಿದ್ದು ಒಂದೇ: ಮದುವೆಯಾಗದ ತಂಗಿ ಬಸುರಿ.

ಬಾಯಿಬಿಟ್ಟು ಕೇಳಬಾರದಿತ್ತೇ, ಮಹಾರಾಯ್ತಿ! ಕೇಳಲಿಲ್ಲ. ಟೇಪು ಸುತ್ತುವಾಗ ತಂಗಿಯ ಮುಖವನ್ನೂ ನೋಡಲಿಲ್ಲ. ತಂಗಿ ಹೊಟ್ಟೆನೋವು ಎಂದಾಗ, "ನೀನೇ ತಂದ್ಕೊಂಡಿದ್ದು, ಅನುಭವಿಸು" ಎಂದಳು. ಆಸ್ಪತ್ರೆಗೆ ಹೋದರೆ ನಾಲ್ಕು ಜನ ಏನಂದಾರು ಎಂದು ದೊಗಲೆ ಅಂಗಿ ಹೊಲಿದು ಮುಚ್ಚಿದಳು. ಕೊನೆಗೆ ತಂಗಿ ಕೆಲಸ ಮಾಡುವ ಅಂಗಡಿಯಲ್ಲೇ ಕುಸಿದುಬಿದ್ದಳು. ಜೊತೆಯವರು ಆಸ್ಪತ್ರೆಗೆ ಸೇರಿಸಿದರು, ಆಪರೇಷನ್ ಆಯಿತು.

"ಅಂಡಾಶಯದ ಕ್ಯಾನ್ಸರ್. ಅಪರೂಪದ್ದು, ನಿಧಾನವಾಗಿ ಬೆಳೆಯೋದು," ಎಂದರು ಡಾಕ್ಟರಮ್ಮ, ರಿಪೋರ್ಟು ಬಂದ ದಿನ. "ಬೇರೆ ಕಡೆ ಹರಡಿಲ್ಲ. ಇಂಥವರಲ್ಲಿ ಹೆಚ್ಚಿನವರು ಬಹಳ ವರ್ಷ ಬದುಕ್ತಾರೆ. ಆದ್ರೆ ಗಡ್ಡೆ ಹೊಟ್ಟೆಯೊಳಗೇ ಒಡೆದಿತ್ತು. ಅದಕ್ಕೇ ಕೀಮೋ ಕೊಡ್ತೀವಿ. ಎಷ್ಟೋ ವರ್ಷ ಆದ್ಮೇಲೂ ಮತ್ತೆ ಬರಬಹುದು, ತಪಾಸಣೆ ಮಾತ್ರ ಬಿಡಬೇಡಿ."

"ಮೊದ್ಲೇ ಕರ್ಕೊಂಡು ಬಂದಿದ್ರೆ?" ಅಕ್ಕ ಕೇಳಿದಳು.

"ಒಡೆಯೋ ಮುಂಚೆ ತೆಗೀಬಹುದಿತ್ತೇನೋ. ಹೊಟ್ಟೆ ಊದಿದ್ದು ಯಾವಾಗಿಂದ?"

ಹಾಸಿಗೆಯಿಂದ ತಂಗಿಯೇ ಹೇಳಿದಳು: "ಈಗೀಗ ಡಾಕ್ಟ್ರೇ. ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ."

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅಕ್ಕನಿಗೆ. "ಸುಳ್ಳು ಡಾಕ್ಟ್ರೇ," ಎಂದಳು. "ತಿಂಗಳುಗಟ್ಟಲೆಯಿಂದ ಇತ್ತು. ನಾನೇ ಹೊಲಿಗೆ ಬಿಚ್ಚಿಕೊಟ್ಟಿದ್ದು." ಯಾಕೆ ಸುಮ್ಮನಿದ್ದೆ ಎಂದು ಮಾತ್ರ ಹೇಳಲಾಗಲಿಲ್ಲ. ತಂಗಿ ಗೋಡೆಯ ಕಡೆಗೆ ಹೊರಳಿಕೊಂಡಳು. ಅವಳಿಗೆ ಎಲ್ಲ ಗೊತ್ತಿತ್ತು.

ಕೀಮೋ ಮುಗಿಯುವ ಹೊತ್ತಿಗೆ ಸ್ಕರ್ಟು ತಂಗಿಯ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. "ಬಾರೇ, ಹಿಡಿದು ಹೊಲಿದುಕೊಡ್ತೀನಿ," ಎಂದು ಅಕ್ಕ ಮಂಡಿಯೂರಿ, ತಲೆ ತಗ್ಗಿಸಿ ಟೇಪು ಸುತ್ತಿದಳು.

"ಅಕ್ಕಾ, ಈ ಸಲ ನನ್ನ ಮುಖ ನೋಡಿ ಅಳತೆ ತಗೋ."

ಅಕ್ಕ ಟೇಪಿನ ಅಂಕಿಯ ಮೇಲೇ ಕಣ್ಣಿಟ್ಟಳು. "ಆಗಲ್ಲ ಕಣೇ. ನಾಚಿಕೆಯಾಗುತ್ತೆ."

"ಆಗ್ಲಿ," ಎಂದಳು ತಂಗಿ. "ಆದ್ರೂ ನೋಡು."