ರಾಣೆಬೆನ್ನೂರಿನ ಗಿರಣಿಯಲ್ಲಿ ಯಾರೂ ಕೈ ಎತ್ತಲಿಲ್ಲ

೧
ಹೇಗೆ ಶುರು ಮಾಡಲಿ? "ಲೋಕದಲ್ಲಿ ನೂರು ವಯಸ್ಕರಲ್ಲಿ ಹತ್ತು-ಹದಿನೈದು ಮಂದಿಗೆ, ಹೊರಗೆ ಸದ್ದಿಲ್ಲದಾಗಲೂ ಕಿವಿಯೊಳಗೆ ಗುಂಯ್ ಅನ್ನುತ್ತದೆ" ಎಂದೇ? ಓದುಗರೇ, ಆಗಲೇ ಆಕಳಿಸಿದಿರಿ. ಆ ಸಾಲು ಹೊಡೆದುಹಾಕಿದೆ.

೨
೧೯೮೮. ರಾಣೆಬೆನ್ನೂರಿನ ಒಂದು ಹತ್ತಿ ಗಿರಣಿ. (ಹೆಸರು ಹೇಳುವುದಿಲ್ಲ. ಹೇಳಿದರೆ ಮಾಲೀಕ ಸಿದ್ದಲಿಂಗಪ್ಪ ಕಥೆಯಿಂದ ಎದ್ದುಬಂದು ನನ್ನ ಕಾಲರ್ ಹಿಡಿಯುತ್ತಾನೆ.) ಹತ್ತಿಯಿಂದ ಬೀಜ ಬೇರೆ ಮಾಡುವ ಮಷೀನಿನ ಮುಂದೆ ರಹಿಮತಬಿ ನಿಂತು ವರ್ಷಗಳೇ ಕಳೆದಿವೆ. ಮನೆಗೆ ಹೋದರೂ ಆ ಸದ್ದು ಅವಳ ಕಿವಿ ಬಿಡುವುದಿಲ್ಲ. ಸುತ್ತ ಹತ್ತಿಯ ಗುಡ್ಡೆ. ಒಂದು ಚೂರು ಕಿವಿಗಿಟ್ಟುಕೊಂಡರೆ ಕಳ್ಳತನವಂತೆ! ನನಗಂತೂ ಮೈಯೆಲ್ಲ ಉರಿಯುತ್ತದೆ.

೩
ಒಂದು ದಿನ ಡಾಕ್ಟರು ಸರ್ವೇಗೆ ಬಂದರು. ಕಿವಿಯಲ್ಲಿ ಸದ್ದಿರುವವರಿಗೆ ಹೊರಗಿನ ಅಂಗಳದಲ್ಲಿ ಕೆಲಸ ಕೊಡುತ್ತೇನೆಂದು ಸಿದ್ದಲಿಂಗಪ್ಪ ಧಾರಾಳವಾಗಿ ಒಪ್ಪಿದ್ದ. (ಯಾಕೆ ಒಪ್ಪಿದನೋ, ಈಗ ತಿಳಿಯುತ್ತದೆ.) ಮಷೀನುಗಳು ತಿರುಗುತ್ತಲೇ ಇದ್ದವು. ಡಾಕ್ಟರು ಬಾಗಿಲಲ್ಲಿ ನಿಂತು ಕೂಗಿದರು: "ಕಿವಿಯಲ್ಲಿ ಗುಂಯ್ ಅನ್ನುವವರು ಕೈ ಎತ್ತಿ!"

ಹೆಂಗಸರು ಅವರ ತುಟಿ ನೋಡಿಯೇ ಅರ್ಥಮಾಡಿಕೊಂಡರು. ಒಬ್ಬರೂ ಎತ್ತಲಿಲ್ಲ.

ಮಾತೇ ಕೇಳದ ಆ ಗಿರಣಿಯಲ್ಲಿ ಕೈ ಎತ್ತುವುದಕ್ಕೆ ಒಂದೇ ಅರ್ಥ: ಯಾರದೋ ಸೆರಗು ಮಷೀನಿಗೆ ಸಿಕ್ಕಿದೆ, ನಿಲ್ಲಿಸು. ಸುಮ್ಮನೆ ಎತ್ತಿದವಳಿಗೆ ಮರುದಿನ ಕೆಲಸವಿಲ್ಲ.

"ಸೊನ್ನೆ! ವಂಡರ್‌ಫುಲ್! ಲೋಕದವರಿಗಿಂತ ಇಲ್ಲಿಯವರ ಕಿವಿ ಗಟ್ಟಿ" ಎಂದು ಡಾಕ್ಟರು ಸಿದ್ದಲಿಂಗಪ್ಪನ ಚಹಾ ಕುಡಿದು ಹೋದರು.

ನಾಚಿಕೆಯಾಗಬೇಡವೇ?

೪
ಸುಖಾಂತ ಬೇಕೆ? ರಹಿಮತಬಿ ಡಾಕ್ಟರ ಹಿಂದೆ ಓಡಿಹೋಗಿ ಹೇಳುತ್ತಾಳೆ, ಅವಳಿಗೆ ಅಂಗಳದ ಕೆಲಸ ಸಿಗುತ್ತದೆ.

"ಅದನ್ನ ಹರದು ಒಗೀರಿ," ಎಂದಳು ರಹಿಮತಬಿ, ನನಗೇ. "ನಾ ಅಂಗಳಕ್ಕ ಹೋದ್ರ, ಮೊನ್ನೆ ಮದಿವ್ಯಾಗಿ ಬಂದ ದೇವವ್ವನ್ನ ನನ್ನ ಮಷೀನಿಗೆ ನಿಲ್ಲಸ್ತಾರ. ಆಕೀ ಕಿವಿ ಏನ್ ಬಿಟ್ಟಿ ಬಂದಾವೇನ್ರಿ?"

"ಮತ್ತೇನು ಬರೆಯಲಿ?"

"ಎಲ್ಲಾರೂ ಕೈ ಎತ್ತಿದ್ವಿ ಅಂತ ಬರೀರಿ. ಖರೇ ಅಲ್ಲಂದ್ರೂ ನಡೀತೈತಿ, ಕಥಿ ಅಲ್ಲೇನು?"

೫
ಬರೆದೆ. ಎಲ್ಲರೂ ಕೈ ಎತ್ತಿದರು. ಮಷೀನುಗಳು ನಿಂತವು. ಸಿದ್ದಲಿಂಗಪ್ಪನ ಬಾಯಿ ತೆರೆದೇ ಉಳಿಯಿತು. ಸೂಜಿ ಬಿದ್ದರೂ ಕೇಳುವಷ್ಟು ಮೌನ. ಭಲೇ ಕ್ಲೈಮ್ಯಾಕ್ಸ್ ಎಂದುಕೊಂಡು ಪೆನ್ನಿಗೆ ಕ್ಯಾಪ್ ಹಾಕಿದೆ.

"ಕ್ಯಾಪ್ ತಗೀರಿ," ಎಂದಳು ರಹಿಮತಬಿ. "ಮೌನ ನಿಮಗ ಐತಿ. ಮಷೀನ್ ನಿಂತ್ರೂ ನಮ್ಮ ಕಿವ್ಯಾಗಿಂದು ನಿಂತಿಲ್ಲ. ಅದನ್ನ ನಿಲ್ಲಸ್ರಿ, ಆಮ್ಯಾಲ ಕಥಿ ಮುಗಸ್ರಿ."

ಓದುಗರೇ, ಯಾರೂ ಕೈ ಇಳಿಸುತ್ತಿಲ್ಲ.