ಅರವತ್ತಮೂರನೇ ಟೇಪಿನ ಹನ್ನೊಂದು ನಿಮಿಷ

ಶುಕ್ರವಾರ ಬೆಳಿಗ್ಗೆ ಚಹಾ ಕುಡಿಯುತ್ತ ಕಂಪ್ಯೂಟರ್ ಮುಂದೆ ಕೂತ ವೆಂಡೆಲ್ ಹಿಂಗ್‌ಸ್ಟನ್‌ಗೆ ತಂಗಿಯ ಮನೆಯಲ್ಲಿದ್ದ ಸರ್ವರ್ ಸಿಗಲಿಲ್ಲ. ಹಿಂದಿನ ವಾರ ಸಿಕ್ಕಿತ್ತು. ಈಗ ಎಷ್ಟು ಸಲ ಕರೆದರೂ ಅತ್ತಲಿಂದ ಹೂಂ ಇಲ್ಲ, ಊಹೂಂ ಇಲ್ಲ. ಎರಡು ನಿಮಿಷ ಕಾದು ಕಾದು ಪರದೆ ತಾನೇ ಸೋತು, ಉತ್ತರ ಬರಲಿಲ್ಲ ಎಂದು ಒಂದು ಸಾಲು ಬರೆದು ಸುಮ್ಮನಾಯಿತು.

ಸರ್ವರ್ ಅಂದರೆ ಯಾವುದೋ ಕಚೇರಿಯವರು ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರ್. ಅದಕ್ಕೆ ಲಿನಕ್ಸ್ ಹಾಕಿ, ವಿನ್‌ಯಾರ್ಡ್ ಎಂಬ ಊರಿನಲ್ಲಿರುವ ತಂಗಿ ಕೋರಲಿಯ ಮನೆಯಲ್ಲಿ, ವಾಷಿಂಗ್ ಮೆಷಿನ್ ಮೇಲಿನ ಹಲಗೆಗೆ ಏರಿಸಿದವನು ವೆಂಡೆಲ್‌ನೇ. ಪೆಂಗ್ವಿನ್ ಎಂಬ ಊರಿನಲ್ಲಿದ್ದ ಅವನ ಮನೆಗೆ ಬರುವ ತಂತಿ ಹಳೆಯದು. ಅವಳ ಬೀದಿಗೆ ಹೊಸ ಕೇಬಲ್ ಬಂದಿತ್ತು. ಆ ಡಬ್ಬದೊಳಗೆ ಅವರಪ್ಪ ಏಥಲ್ ಹಿಂಗ್‌ಸ್ಟನ್ ಜೀವಮಾನವೆಲ್ಲ ಅಲೆದು ಕೂಡಿಟ್ಟ ಹಾಡುಗಳಿದ್ದವು. ಟಾಸ್ಮೇನಿಯಾದ ಆ ಕರಾವಳಿಯ ಮೀನುಗಾರರು, ಆಲೂಗಡ್ಡೆ ಅಗೆಯುವವರು, ಮರ ಕಡಿಯುವವರು ಹೇಳಿದ ನೂರಿಪ್ಪತ್ತು ಟೇಪು ಹಾಡು. ಮೂರು ಚಳಿಗಾಲ ಕೂತು ವೆಂಡೆಲ್ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದ. ಬೂಷ್ಟು ಹಿಡಿದು ಅಂಟಂಟಾಗಿದ್ದ ಸುರುಳಿಗಳನ್ನು ಒಂದೊಂದಾಗಿ ಇಳಿಸಿದ ಹಾಗೆಲ್ಲ ಕಸಕ್ಕೆ ಹಾಕಿದ್ದ. ಇನ್ನು ಉಳಿದಿರುವುದು ಆ ಸರ್ವರಿನಲ್ಲಿ ಮಾತ್ರ.

ಒಂಬತ್ತು ದಿನಕ್ಕೆ, ಭಾನುವಾರ ಮಧ್ಯಾಹ್ನ, ಊರಿನ ಇತಿಹಾಸ ಸಂಘದವರು ಏಥಲ್‌ನ ನೆನಪಿಗೆ ಒಂದು ಸಭೆ ಇಟ್ಟಿದ್ದರು. ಒಂಬತ್ತು ಹಾಡು ಆರಿಸಿ ಕೊಡುತ್ತೇನೆಂದು ವೆಂಡೆಲ್ ಮಾತು ಕೊಟ್ಟಿದ್ದ. ತಂಗಿಗೆ ಫೋನು ಹಚ್ಚಿದ.

“ಕೋರಿ, ಆ ಡಬ್ಬ ಕೆಟ್ಟಿದೆಯಾ ನೋಡೇ ಸ್ವಲ್ಪ.”

“ಕೆಟ್ಟಿಲ್ಲ. ಹಸಿರು ದೀಪ ಉರೀತಾ ಇದೆ.”

“ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡು.”

“ಮಾಡ್ದೆ.”

“ಇಷ್ಟು ಬೇಗ?”

“ಮಾಡ್ದೆ ಅಂದ್ನಲ್ಲ,” ಎಂದು ಅವಳು ಫೋನಿಟ್ಟಳು.

ವೆಂಡೆಲ್ ಮೂವತ್ತನಾಲ್ಕು ವರ್ಷ ಟೆಲಿಫೋನ್ ಲೈನುಗಳ ದೋಷ ಹುಡುಕುವ ಕೆಲಸದಲ್ಲಿದ್ದವನು. ಕಾಡಿನ ನಡುವೆ ಎಲ್ಲೋ ಇಲಿ ಕಡಿದ ತಂತಿಯನ್ನು ಕಂಬ ಹತ್ತದೆಯೇ ಹೇಳಿಬಿಡುತ್ತಾನೆ ಎಂದು ಹೆಸರು ಮಾಡಿದ್ದವನು. ಅವನಿಗೆ ಇದು ಮಾನದ ಪ್ರಶ್ನೆಯಾಯಿತು. ಮೊದಲು ತನ್ನ ಮನೆಯ ಕಡೆ ನೋಡಿದ, ಬೇರೆಲ್ಲ ತೆರೆಯುತ್ತಿತ್ತು. ಕೋರಲಿಯ ಮನೆಗೆ ಇಂಟರ್ನೆಟ್ ಕಂಪನಿಯವರು ಕೊಡುವ ವಿಳಾಸ ಬದಲಾಗಿದೆಯೋ ಎಂದು ನೋಡಿದ, ಬದಲಾಗಿರಲಿಲ್ಲ. ಹತ್ತಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಗುಡ್ಡೆ ಹಾಕಿಬಿಟ್ಟರೋ ಎಂಬ ಅನುಮಾನ ಬಂತು. ಆ ಕಂಪನಿಗೆ ಫೋನು ಮಾಡಿ, ಒಂದು ಗಂಟೆ ಅವರ ವಾದ್ಯಸಂಗೀತ ಕೇಳಿದ ಮೇಲೆ ಯಾರೋ ಲೈನಿಗೆ ಬಂದು, “ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ ಸರ್,” ಅಂದರು. ಶನಿವಾರ, ಭಾನುವಾರ ಹೀಗೇ ಕಳೆದವು. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ವಿನ್‌ಯಾರ್ಡ್‌ಗೆ ಹೊರಟ.

ಕೋರಲಿ ಇಸ್ತ್ರಿ ಮಾಡುತ್ತಿದ್ದಳು. ಅಣ್ಣ ಬಂದನೆಂದು ಪೆಟ್ಟಿಗೆ ಕೆಳಗಿಡಲಿಲ್ಲ. ಐವತ್ತೆಂಟಾಗಿತ್ತು ಅವಳಿಗೆ, ಅವನಿಗಿಂತ ಎಂಟು ವರ್ಷ ಚಿಕ್ಕವಳು. ಎಂದಿನ ಹಾಗೆ ನಡುನಡುವೆ ಸಣ್ಣಗೆ ಕೆಮ್ಮುತ್ತಿದ್ದಳು. ಅವಳ ವೈಫೈಗೆ ಸೇರಿಕೊಂಡು ವೆಂಡೆಲ್ ಕರೆದ ತಕ್ಷಣ ಸರ್ವರ್ ಓಗೊಟ್ಟಿತು. ಹಾಗಾದರೆ ರೂಟರಿನದೇ ತಪ್ಪು ಎಂದುಕೊಂಡು ಅದರ ಹೊಟ್ಟೆ ಬಗೆದು ನೋಡಿದ. ಹೊರಗಿನಿಂದ ಬಂದವರನ್ನು ಸರ್ವರಿನ ಕಡೆ ಕಳಿಸುವ ಸಾಲು ತಾನು ಬರೆದಂತೆಯೇ ಇತ್ತು.

“ಏನಂತೆ ಕಾಯಿಲೆ?” ಎಂದಳು ಕೋರಲಿ, ಅಂಗಿಯ ತೋಳು ತಿರುವುತ್ತ.

“ಎಲ್ಲಾ ಸರಿಯಾಗೇ ಇದೆ. ಅದೇ ತಲೆನೋವು.”

“ನಿನ್ನ ಮನೇದೇ ಏನೋ ಇರ್ಬೇಕು.”

“ನನ್ನ ಮನೇಲಿ ಏನೂ ಇಲ್ಲ ಕಣೇ. ನಾನೇ ನೋಡಿದೀನಿ.”

“ಹೌದು ಬಿಡು. ನೀನು ನೋಡಿದ ಮೇಲೆ ಮುಗೀತಲ್ಲ.”

ಅವನು ಅದನ್ನು ಮೆಚ್ಚುಗೆ ಎಂದುಕೊಂಡ. ಒಲೆಯಲ್ಲಿ ಸ್ಕಾಲಪ್ ಎಂಬ ಚಿಪ್ಪುಮೀನಿನ ಕಡುಬು ಬೇಯುವ ವಾಸನೆ ಬರುತ್ತಿತ್ತು. ಊಟಕ್ಕೆ ನಿಲ್ಲು ಎಂದು ಅವಳು ಹೇಳಲಿಲ್ಲ. ಕೆಲಸದ ತಲೆಬಿಸಿಯಲ್ಲಿ ಅದೂ ಅವನಿಗೆ ತಟ್ಟಲಿಲ್ಲ.

ಮನೆಗೆ ಮರಳುವ ದಾರಿಯಲ್ಲಿ, ಬರ್ನಿ ಊರಿನ ಗ್ರಂಥಾಲಯದ ಮುಂದೆ ಕಾರು ನಿಲ್ಲಿಸಿದ. ಮೂರನೆಯ ಕಡೆಯಿಂದ ಪರೀಕ್ಷಿಸಬೇಕು ಎಂಬುದು ಹಳೆಯ ಕೆಲಸದ ಪಾಠ. ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಗ್ರಂಥಾಲಯದ ವೈಫೈನಿಂದ ಕರೆದ. ಸರ್ವರ್ ಬಾಗಿಲು ತೆರೆಯಿತು.

ಅಂದರೆ ಜಗತ್ತಿಗೆಲ್ಲ ತೆರೆದಿದೆ, ಪೆಂಗ್ವಿನ್‌ನ ತನ್ನ ಮನೆಗೆ ಮಾತ್ರ ಮುಚ್ಚಿದೆ. ಪಾಸ್‌ವರ್ಡ್ ತಪ್ಪಾಗಿ ಒತ್ತಿದವರನ್ನು ತಾನಾಗಿ ಹೊರಗಿಡುವ ಕಾವಲು ಪ್ರೋಗ್ರಾಂ ಒಂದಿತ್ತು; ಅದರ ಪಟ್ಟಿ ತೆಗೆದು ನೋಡಿದ. ಖಾಲಿ. ಕೊನೆಗೆ ಫೈರ್‌ವಾಲಿನ ನಿಯಮಗಳನ್ನೆಲ್ಲ ಸಾಲಾಗಿ ಕರೆದ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಅವನೇ ಬರೆದಿಟ್ಟ ಆರು ಸಾಲು ಅಲ್ಲಿರಬೇಕಿತ್ತು. ಏಳು ಸಾಲಿತ್ತು. ಎಲ್ಲಕ್ಕಿಂತ ಮೇಲೆ, ಒಂದನೆಯ ಸಾಲಿನಲ್ಲಿ, ಅವನ ಮನೆಯ ವಿಳಾಸ. ತಡೆ. ಪಕ್ಕದಲ್ಲಿ ಟಿಪ್ಪಣಿ: “ವೆಂಡೆಲ್ ಮನೆ. ಟೇಪು 63. ಇನ್ನು ಮುಟ್ಟಕೂಡದು.”

ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ, ಮೊದಲು ಹೊಂದಿದ್ದೇ ನಡೆಯುತ್ತದೆ, ಹಾಗಾಗಿ ತಡೆಯಬೇಕಾದ್ದನ್ನು ಮೇಲೆ ಸೇರಿಸು ಎಂದು ತಂಗಿಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟವನು ಅವನೇ. ತಾನು ಎಲ್ಲಾದರೂ ಹೋದಾಗ ಕಳ್ಳರು ಯಾರಾದರೂ ನುಗ್ಗಲು ನೋಡಿದರೆ ಇರಲಿ ಎಂದು. ಅವಳು ಒಂದಕ್ಷರ ತಪ್ಪದೆ ಬರೆದಿದ್ದಳು.

ವೆಂಡೆಲ್ ಯೋಚಿಸಲಿಲ್ಲ, ಫೋನು ಮಾಡಿ ಕೇಳಲೂ ಇಲ್ಲ. ಒಂದನೆಯ ಸಾಲು ಅಳಿಸಿ, ಕಾರು ತಿರುಗಿಸಿ ಮತ್ತೆ ವಿನ್‌ಯಾರ್ಡ್‌ಗೆ ಬಂದ.

ಕೋರಲಿ ಅಡಿಗೆಮನೆಯ ಮೇಜಿಗೆ ಕೂತು ಕಡುಬು ತಿನ್ನುತ್ತಿದ್ದಳು. ಎದುರಿಗೆ ಅವಳ ಕಂಪ್ಯೂಟರ್ ತೆರೆದಿತ್ತು.

“ಅಳಿಸಿಬಿಟ್ಟೆಯಲ್ಲ,” ಎಂದಳು ತಲೆಯೆತ್ತದೆ. “ಯಾಕೆ ಹಾಕಿದೆ ಅಂತ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ಲ.”

“ನಾಲ್ಕು ದಿನ ನನ್ನ ಕುಣಿಸಿದೆ ನೀನು! ರೂಟರ್ ಆಫ್ ಮಾಡ್ದೆ ಅಂತ ಸುಳ್ಳು ಬೇರೆ!”

“ನಾಲ್ಕು ದಿನಕ್ಕೇ ಉರಿ ಹತ್ತಿತಾ?” ಚಮಚ ಕೆಳಗಿಟ್ಟಳು. “ಅರವತ್ತಮೂರನೇ ಟೇಪು ಐವತ್ತೆರಡು ನಿಮಿಷ ಇತ್ತು ವೆಂಡೆಲ್. ಇಸ್ತ್ರಿ ಮಾಡ್ತಾ ಹೋದ ವರ್ಷ ಕೇಳಿದೀನಿ. ಹೋದ ತಿಂಗಳು ನೋಡಿದ್ರೆ ನಲವತ್ತೊಂದಾಗಿದೆ. ಪಟ್ಟೀಲಿ ನೀನೇ ಬರೆದಿದ್ದೀಯ, ಹೊರಗಿನ ಗದ್ದಲ ತೆಗೆದಿದೆ ಅಂತ. ಗದ್ದಲ! ನನ್ನ ಕೂಗು ಗದ್ದಲ!”

ವೆಂಡೆಲ್ ಕುರ್ಚಿ ಎಳೆದು ಕೂತ. ಅವಳಿಗೆ ಆ ಸಾಲು ಕಣ್ಣಿಗೆ ಬೀಳಬಹುದೆಂದು ಅವನು ಎಣಿಸಿರಲೇ ಇಲ್ಲ.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಜುಲೈ, ಅಲ್ಲಿಯ ನಟ್ಟನಡು ಚಳಿಗಾಲ. ಕ್ಲ್ಯಾರಿ ಬ್ರಾಮಿಕ್ ಎಂಬ ಮುದಿ ಮೀನುಗಾರ ಅವರ ಅಡಿಗೆಮನೆಯಲ್ಲಿ ಕೂತು ಹಾಡುತ್ತಿದ್ದ. ಒಂಬತ್ತು ವರ್ಷದ ಕೋರಲಿಗೆ ಕೆಮ್ಮು ಬಂತು, ಟೇಪು ಕೆಟ್ಟಿತು. ಏಥಲ್ ಅವಳ ರಟ್ಟೆ ಹಿಡಿದು ಹಿತ್ತಿಲ ಬಾಗಿಲಿಂದ ಹೊರಗೆ ಹಾಕಿ ಅಗಳಿ ಹಾಕಿದ. ಮೈಮೇಲೆ ತೆಳು ಲಂಗ, ಕಾಲಲ್ಲಿ ಏನೂ ಇಲ್ಲ, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಹಾಡು ಮುಗಿಯುವ ಹೊತ್ತಿಗೆ ಅವಳ ತುಟಿ ನೀಲಿಯಾಗಿತ್ತು. ಮೂರು ವಾರ ಆಸ್ಪತ್ರೆ. ಅಂದಿನಿಂದ ಎದೆ ಸರಿಯಾಗಲೇ ಇಲ್ಲ. ಹುಡುಗಿ ಹೇಳದೆ ಕೇಳದೆ ಆಡಲು ಹೋಗಿತ್ತು ಎಂದು ಅಪ್ಪ ಡಾಕ್ಟರಿಗೆ ಹೇಳಿದ. ಮನೆಯವರೆಲ್ಲ ಅದನ್ನೇ ಹೇಳಿದರು. ಅವಳು ಬೇರೆ ಹೇಳಿದಾಗಲೆಲ್ಲ, ಕೋರಲಿಗೆ ಕಥೆ ಕಟ್ಟುವ ಚಾಳಿ ಎಂದು ನಕ್ಕರು. ತನ್ನ ಮದುವೆಯ ಊಟದಲ್ಲಿ ವೆಂಡೆಲ್‌ ಕೂಡ ಗ್ಲಾಸೆತ್ತಿ ಅದೇ ತಮಾಷೆ ಮಾಡಿದ್ದ.

“ಅಪ್ಪನ ಹೆಸರು ಕೆಡುತ್ತೆ ಕೋರಿ,” ಎಂದ ಈಗ. “ಊರೆಲ್ಲ ಕೂತು ಕೇಳೋ ಕಡೆ—”

“ಅಪ್ಪನ ಹೆಸರಿಗೆ ಕತ್ತರಿಸ್ದೆ ಅಂತ ನನ್ನ ಹತ್ರ ಹೇಳ್ಬೇಡ.” ಅವಳ ದನಿ ಏರಲಿಲ್ಲ. “ಟೇಪಲ್ಲಿ ಕ್ಲ್ಯಾರಿ ಹಾಡು ನಿಲ್ಲಿಸಿ, ಮಗು ಕೂಗ್ತಾ ಇದೆಯಲ್ಲ ಏಥಲ್ ಅಂತಾನೆ. ಅಪ್ಪ, ಮುಂದೆ ಹೇಳಯ್ಯಾ ಅಂತಾರೆ. ಆಮೇಲೆ ಕೇಳ್ತಾರೆ, ವೆಂಡೆಲ್, ಅವಳ ಸದ್ದು ಟೇಪಿಗೆ ಬೀಳ್ತಾ ಇದೆಯಾ? ಹದಿನೇಳು ವರ್ಷದ ಗಂಡಸು, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೆ ನೀನು. ಏನಂದೆ ಹೇಳು.”

ವೆಂಡೆಲ್ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ನೋಡುತ್ತಿದ್ದ.

“ಇಲ್ಲಪ್ಪ, ಏನೂ ಕೇಳಿಸ್ತಿಲ್ಲ. ಹಾಗಂದೆ ನೀನು. ಐವತ್ತು ವರ್ಷ ನಾನೇ ಸುಳ್ಳಿಯೇನೋ ಅಂದ್ಕೊಂಡಿದ್ದೆ ಕಣೋ. ಟೇಪು ಕೇಳಿದ ದಿನ ಇಸ್ತ್ರಿ ಮೇಜಿನ ಕೆಳಗೆ ಕುಸಿದು ಕೂತೆ. ನೀನೂ ಇಳಿಸುವಾಗ ಕೇಳಿರ್ತೀಯ, ಇವತ್ತು ಫೋನು ಮಾಡ್ತೀಯ, ನಾಳೆ ಮಾಡ್ತೀಯ ಅಂತ ಒಂದು ವರ್ಷ ಕಾದೆ. ನೀನು ಮಾಡಿದ್ದು ಇದು.”

ಸರ್ವರ್ ದಿನಕ್ಕೊಂದು ನಕಲು ತಾನೇ ತೆಗೆದಿಡುವಂತೆ ಏರ್ಪಾಡು ಮಾಡಿದ್ದವನೂ ಅವನೇ. ಹಳೆಯ ನಕಲಿನಿಂದ ಅವಳು ಐವತ್ತೆರಡು ನಿಮಿಷವನ್ನೂ ಉಳಿಸಿಕೊಂಡಿದ್ದಳು. ಬೆರಳುದ್ದದ ಒಂದು ಪೆನ್‌ಡ್ರೈವ್ ತಂದು ಅವನ ಮುಂದಿಟ್ಟಳು.

“ನೀನು ಪಟ್ಟೀಲಿ ಆರಿಸಿಟ್ಟ ಉಳಿದ ಎಂಟು ಹಾಡೂ ಇದರಲ್ಲಿದೆ. ಭಾನುವಾರ ಇದನ್ನ ಪೂರ್ತಿ ಹಾಕ್ಸು. ಕತ್ತರಿಸೋ ಹಾಗಿಲ್ಲ.”

“ಹಾಕಿಸ್ತೀನಿ.”

“ನೋಡೋಣ.” ಅವಳು ಕಂಪ್ಯೂಟರ್ ತನ್ನ ಕಡೆ ಎಳೆದುಕೊಂಡು, ಪಕ್ಕದಲ್ಲಿ ನೋಟ್‌ಬುಕ್ ಇಟ್ಟು, ಒಂದೊಂದೇ ಅಕ್ಷರ ಒತ್ತಿ ಆ ಸಾಲನ್ನು ಮತ್ತೆ ಮೇಲೆ ಸೇರಿಸಿದಳು. “ಈಗ ನಿನ್ನ ಪಾಸ್‌ವರ್ಡ್ ತೆಗೆಯೋದು ಹೇಗೆ ಅಂತ ಹೇಳ್ಕೊಡು.”

ಅವನು ಹೇಳಿಕೊಟ್ಟ. ಅವಳು ಒತ್ತಿದಳು.

ಇತಿಹಾಸ ಸಂಘವನ್ನು ನಡೆಸುವವಳು ಫೆನೆಲ್ಲಾ ಮ್ಯಾಸ್ಕೆಲ್, ನಿವೃತ್ತ ಟೀಚರು, ಮೆದು ಮಾತಿನ ಹೆಂಗಸು. ಶನಿವಾರ ಅವಳಿಗೆ ಪೆನ್‌ಡ್ರೈವ್ ಕೊಟ್ಟ. ಒಂದು ಗಂಟೆಯ ಮೇಲೆ ಅವಳೇ ಫೋನು ಮಾಡಿದಳು.

“ವೆಂಡೆಲ್, ಆ ಅರವತ್ತಮೂರು... ಅದರಲ್ಲಿ ಮಗು ಕೂಗೋದೆಲ್ಲ ಕೇಳಿಸುತ್ತೆ. ನಾಳೆ ಚಿಕ್ಕ ಮಕ್ಕಳೆಲ್ಲ ಬರ್ತಾರೆ. ಆ ಭಾಗ ಒಂಚೂರು ತೆಗೆದುಬಿಡ್ತೀರಾ? ನಿಮಗೆ ಬರುತ್ತಲ್ಲ.”

“ಇಲ್ಲ,” ಎಂದ ವೆಂಡೆಲ್. “ಹಾಕಿದ್ರೆ ಪೂರ್ತಿ ಹಾಕ್ಬೇಕು.”

“ಹಾಗಾದ್ರೆ ಬೇಡ ಬಿಡಿ. ಎಂಟು ಹಾಡು ಸಾಕು. ಪಾಪ, ಹೋದವರ ವಿಷಯ ಈಗ್ಯಾಕೆ?”

ವೆಂಡೆಲ್ ವಾದಿಸಲಿಲ್ಲ. ಭಾನುವಾರ ಅರವತ್ತು ಜನ ಬಂದಿದ್ದರು. ಎಂಟು ಹಾಡಿಗೂ ಚಪ್ಪಾಳೆ ಬಿತ್ತು. ಕ್ಲ್ಯಾರಿಯ ಮೊಮ್ಮಗಳು ಒಂದು ಹಾಡಿಗೆ ಕಣ್ಣೊರೆಸಿಕೊಂಡಳು. ಕೊನೆಗೆ ಮಗನ ಮಾತು ಎಂದು ಫೆನೆಲ್ಲಾ ಅವನ ಕೈಗೆ ಮೈಕು ಕೊಟ್ಟಳು. ಅಪ್ಪನ ತಾಳ್ಮೆ, ಅಪ್ಪನ ಹಳೆಯ ವ್ಯಾನು, ಮಳೆಯಲ್ಲಿ ಟೇಪು ನೆನೆಯದಂತೆ ಅಪ್ಪ ತನ್ನ ಕೋಟು ಹೊದಿಸುತ್ತಿದ್ದುದು ಎಲ್ಲ ಹೇಳಿದ. ಜನ ನಕ್ಕರು. ಆಮೇಲೆ ಕೇಕು, ಚಹಾ.

ಕೋರಲಿ ಬಂದಿರಲಿಲ್ಲ. ಸೋಮವಾರ ಬೆಳಿಗ್ಗೆ ಅವನೇ ಫೋನು ಮಾಡಿದ.

“ಕೋರಿ, ಫೆನೆಲ್ಲಾ ಕತ್ತರಿಸಿ ಅಂದ್ಲು. ಆಗಲ್ಲ ಅಂದುಬಿಟ್ಟೆ.”

“ಆಮೇಲೆ?”

“ಅವಳು ಅದನ್ನ ಕೈಬಿಟ್ಲು.”

“ನೀನು ಮಾತಾಡಿದ್ಯಂತಲ್ಲ. ಪಕ್ಕದ ಮನೆಯವಳು ಬಂದಿದ್ಲು, ಬಹಳ ಚೆನ್ನಾಗಿತ್ತು ಅಂದ್ಲು. ಎಷ್ಟು ಹೊತ್ತು ಮಾತಾಡ್ದೆ?”

“ಹತ್ತು ನಿಮಿಷ ಇರಬಹುದು.”

“ಹತ್ತು ನಿಮಿಷ ಮೈಕು ನಿನ್ನ ಕೈಯಲ್ಲಿತ್ತು,” ಎಂದಳು ಕೋರಲಿ. “ಯಾರಿಗೂ ಕೇಳದ ಹಾಗೆ ಒಬ್ಬಳ ಹತ್ರ ಫೋನಲ್ಲಿ ಆಗಲ್ಲ ಅಂದೆ. ದೊಡ್ಡ ಕೆಲಸ ಮಾಡ್ದೆ ಬಿಡು.”

ಅದೇ ಅವರ ಕೊನೆಯ ಮಾತು. ಕೋರಲಿ ನೂರಿಪ್ಪತ್ತು ಟೇಪಿನ ನಕಲನ್ನೂ ರಾಜಧಾನಿ ಹೋಬಾರ್ಟಿನ ದಾಖಲೆ ಸಂಗ್ರಹಕ್ಕೆ ಕಳಿಸಿಕೊಟ್ಟು, ಸರ್ವರಿನ ತಂತಿ ಕಿತ್ತಳು. ಅದು ವೆಂಡೆಲ್‌ಗೆ ಗೊತ್ತಾಗಿದ್ದು ಸೆಪ್ಟೆಂಬರಿನಲ್ಲಿ, ಅಲ್ಲಿಂದ ಅವನ ಹೆಸರಿಗೆ ಕಾಗದ ಬಂದಾಗ. ಅರವತ್ತಮೂರನೆಯ ಟೇಪಿನಲ್ಲಿ ದನಿ ಇರುವವರ ಪೈಕಿ ಇಬ್ಬರು ಮಾತ್ರ ಬದುಕಿದ್ದಾರೆ, ಒಬ್ಬರ ಒಪ್ಪಿಗೆ ಬಂದಿದೆ, ಸಾರ್ವಜನಿಕರು ಕೇಳಲು ತಮ್ಮ ಒಪ್ಪಿಗೆಯೂ ಬೇಕು ಎಂದಿತ್ತು. ಜೊತೆಗೊಂದು ನಮೂನೆ. ಇದು ನಿಮ್ಮ ದನಿಯೇ? ಹೌದು, ಅಲ್ಲ. ಕೇಳಲು ಬಿಡಬಹುದೇ? ಹೌದು, ಇಲ್ಲ.

ಮೂರು ವಾರ ಅದು ಊಟದ ಮೇಜಿನ ಮೇಲಿತ್ತು. ಒಂದು ಮಧ್ಯಾಹ್ನ ಕೂತು ಎರಡಕ್ಕೂ ಹೌದು ಎಂದು ಗುರುತು ಹಾಕಿದ. ಕೆಳಗೆ, ನೀವು ಏನಾದರೂ ಸೇರಿಸಲು ಬಯಸಿದರೆ, ಎಂದು ಐದು ಗೆರೆ ಬಿಟ್ಟಿದ್ದರು. ಪೆನ್ನು ಹಿಡಿದು ಕೂತ. “ನನ್ನ ತಂಗಿ” ಎಂದು ಬರೆದ. ಮುಂದಿನ ಪದ ಬರಲಿಲ್ಲ. ಅಷ್ಟನ್ನೇ ಬಿಟ್ಟು ರುಜು ಹಾಕಿ, ಲಕೋಟೆಗೆ ತುರುಕಿ, ಅಂಚೆಪೆಟ್ಟಿಗೆಗೆ ಹಾಕಿ ಬಂದ.